ಓಪಿಡಿಯಲ್ಲಿ ಪ್ರೆಶರ್ 15, ಆದರೂ ಫೀಲ್ಡ್ ಕುಸಿಯುತ್ತಿದೆ: ದಿನದೊಳಗಿನ ಏರಿಳಿತ ಹಿಡಿಯುವುದು ಹೇಗೆ?

ಸ್ಲಿಟ್‌ಲ್ಯಾಂಪ್_ದಾವಣಗೆರೆ

ಚರ್ಚೆಗೆ ಒಂದು ಮಾದರಿ ಚಾರ್ಟ್ ಇಟ್ಟುಕೊಳ್ಳೋಣ. ವಯಸ್ಸು 62, ಎರಡೂ ಕಣ್ಣಿಗೆ ಪ್ರೆಶರ್ ಇಳಿಸುವ ಟಿಮೊಲೋಲ್ 0.5%, ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ. ಎರಡು ವರ್ಷದಲ್ಲಿ ಐದು ಭೇಟಿ. ಬಲಗಣ್ಣಿನ ಪ್ರೆಶರ್ (ಪಾದರಸದ ಮಿ.ಮೀ. ಲೆಕ್ಕದಲ್ಲಿ) 15, 16, 14, 15, 16. ಐದೂ ಸಲ ಅಳತೆ ಹಾಕಿದ್ದು 11ರಿಂದ 12:30ರ ಒಳಗೆ. ಊರಿನಿಂದ ಬರುವ ಬಸ್ಸು ಹತ್ತಕ್ಕೆ ಮುಟ್ಟುತ್ತದೆ, ಚೀಟಿ ಮಾಡಿಸಿ ಸರದಿ ಬರುವಷ್ಟರಲ್ಲಿ ಅದೇ ಹೊತ್ತು. ಅತ್ತ ಫೀಲ್ಡ್ ಟೆಸ್ಟ್‌ನಲ್ಲಿ (ನೋಟದ ವ್ಯಾಪ್ತಿಯ ಪರೀಕ್ಷೆ) ಮೇಲ್ಭಾಗದ ಕಮಾನಿನಂಥ ಕಪ್ಪು ಅಗಲವಾಗುತ್ತಿದೆ. ಡಿಸ್ಕ್‌ನ (ಕಣ್ಣಿನ ನರದ ತಲೆ) ಕೆಳ ಅಂಚಿನಲ್ಲಿ, ಗಡಿಯಾರದ 7 ಗಂಟೆಯ ಜಾಗದಲ್ಲಿ, ಕಡ್ಡಿಯಷ್ಟು ಸಣ್ಣ ರಕ್ತದ ಗೆರೆಯೂ ಇದೆ.

ಇಂಥ ಚಾರ್ಟ್ ಕಂಡಾಗ "ನಾರ್ಮಲ್ ಟೆನ್ಶನ್ ಗ್ಲಾಕೋಮಾ" (ಪ್ರೆಶರ್ ಸಹಜವಿದ್ದೂ ನರ ಸೊರಗುವ ಬಗೆ) ಎಂದು ಬರೆದು ಮುಂದೆ ಹೋಗುವುದು ಸುಲಭ. ನನಗೆ ಬೇಕಿರುವುದು: ದಿನದ ಏರಿಳಿತ ಅಳೆಯುವಾಗ ಯಾವ ಹೊತ್ತು, ಯಾವ ಉಪಕರಣ, ಎಷ್ಟು ವ್ಯತ್ಯಾಸ ಬಂದರೆ ಅದಕ್ಕೆ ಅರ್ಥವಿದೆ? ಮತ್ತು ಏರಿಳಿತ ನಿಜಕ್ಕೂ ನರಕ್ಕೆ ಹಾನಿ ಮಾಡುತ್ತದೆಯೇ, ಇಲ್ಲ ಸರಾಸರಿ ಒತ್ತಡವೇ ಎಲ್ಲವೂ?

ಕೋನದರ್ಶಿ

ಮೊದಲು ಯಾಕೆ ಏರಿಳಿಯುತ್ತದೆ ಎನ್ನುವುದು. ಕಣ್ಣಿನೊಳಗಿನ ನೀರು, ಅಂದರೆ ಆಕ್ವಿಯಸ್, ಬೆಳಗಿನ ಹೊತ್ತು ನಿಮಿಷಕ್ಕೆ ಹೆಚ್ಚುಕಡಿಮೆ 3 ಮೈಕ್ರೋಲೀಟರ್ ಉತ್ಪತ್ತಿಯಾಗುತ್ತದೆ. ಮಧ್ಯಾಹ್ನದ ಮೇಲೆ ಸ್ವಲ್ಪ ಇಳಿಯುತ್ತದೆ. ನಿದ್ದೆಯಲ್ಲಿ ಅರ್ಧಕ್ಕಿಂತ ಕಡಿಮೆ, 1.3ರ ಆಸುಪಾಸು. ಹಾಗಾದರೆ ರಾತ್ರಿ ಪ್ರೆಶರ್ ಇಳಿಯಬೇಕಲ್ಲ? ಇಳಿಯುವುದಿಲ್ಲ. ಮಲಗಿದ ಕೂಡಲೇ ಕಣ್ಣಿನ ಹೊರಮೈಯ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ, ಆಕ್ವಿಯಸ್ ಹೊರಹೋಗುವುದು ಅದೇ ನಾಳಗಳಿಗೆ. ಮುಂದಿನ ದಾರಿಯಲ್ಲಿ ಟ್ರಾಫಿಕ್ ಕಟ್ಟಿದರೆ ಹಿಂದೆ ವಾಹನ ಕಡಿಮೆ ಇದ್ದರೂ ಸಾಲು ನಿಲ್ಲುತ್ತದಲ್ಲ, ಹಾಗೆ. ಕೂತಾಗಿನ ಅಳತೆಗಿಂತ ಮಲಗಿದಾಗಿನದು ಸಾಮಾನ್ಯವಾಗಿ 2ರಿಂದ 4 ಮಿ.ಮೀ. ಹೆಚ್ಚು.

ಇನ್ನು ಗ್ಲಾಕೋಮಾ ಕಣ್ಣು ಯಾಕೆ ಹೆಚ್ಚು ಜೋಲಿ ಹೊಡೆಯುತ್ತದೆ ಎನ್ನುವುದಕ್ಕೆ ಗೋಲ್ಡ್‌ಮನ್ ಸೂತ್ರವೇ ಸಾಕು. ಒತ್ತಡ = ಉತ್ಪತ್ತಿ ÷ ಹೊರಹರಿವಿನ ಸಲೀಸು + ನಾಳದ ಒತ್ತಡ. ನಾಳದ ಒತ್ತಡ 9 ಎಂದಿಟ್ಟುಕೊಳ್ಳಿ. ಆರೋಗ್ಯವಂತ ಕಣ್ಣಿನಲ್ಲಿ ಸಲೀಸು 0.25. ಉತ್ಪತ್ತಿ 2.0 ಇದ್ದಾಗ 8 + 9 = 17. ಉತ್ಪತ್ತಿ 2.5ಕ್ಕೆ ಏರಿದರೆ 10 + 9 = 19. ಏರಿದ್ದು ಬರೀ 2. ಈಗ ಆಕ್ವಿಯಸ್ ಹೊರಹೋಗುವ ಜಾಲರಿ ಕಟ್ಟಿಕೊಂಡ ಕಣ್ಣು, ಸಲೀಸು 0.10. ಅದೇ 2.0ಕ್ಕೆ 29, ಅದೇ 2.5ಕ್ಕೆ 34. ಏರಿದ್ದು 5. ಕಾರಣ ಒಂದೇ, ಪೆಟ್ಟು ಎರಡೂವರೆ ಪಟ್ಟು. ಹಾಗಾಗಿ ದೊಡ್ಡ ಏರಿಳಿತ ಎಂದರೆ ಚರಂಡಿ ಕಟ್ಟಿದೆ ಎಂಬ ಸೂಚನೆ.

ಸ್ಟೀಫನ್ ಡ್ರಾನ್ಸ್ 1960ರಲ್ಲೇ ಇದನ್ನು ಅಳೆದು ತೋರಿಸಿದ್ದರು: ಆರೋಗ್ಯವಂತರಲ್ಲಿ ದಿನದ ಏರಿಳಿತ ಸರಾಸರಿ 3.7 ಮಿ.ಮೀ., ಚಿಕಿತ್ಸೆಯಿಲ್ಲದ ಗ್ಲಾಕೋಮಾದಲ್ಲಿ 11.

ಹುಬ್ಬಳ್ಳಿ_ಓಪಿಡಿ

ಸೂತ್ರ ಛಲೋ ಅದ ಮೇಡಂ. ಆದ್ರ ಅದಕ್ಕೂ ಮೊದಲ ಒಂದು ಮಾತು ಕೇಳ್ರಿ. ಅಳತಿನ ತಪ್ಪಿದ್ರ ಏರಿಳಿತ ಅನ್ನೋದು ರೋಗಿ ಕಣ್ಣಾಗ ಇರೂದಿಲ್ಲ, ನಮ್ಮ ಕೈಯಾಗ ಇರತದ. ಎಂಟು ಗಂಟೆಕ್ಕ ಒಬ್ರು, ಹನ್ನೊಂದಕ್ಕ ಇನ್ನೊಬ್ರು, ಸಂಜಿಗೆ ಗಾಳಿ ಊದೋ ಮಷೀನು. ಹಿಂಗ ಮಾಡಿ "6 ಮಿ.ಮೀ. ವ್ಯತ್ಯಾಸ ಬಂತು" ಅಂದ್ರ ಅದಕ್ಕೇನು ಕಿಮ್ಮತ್ತು ಇಲ್ರಿ.

ಗೋಲ್ಡ್‌ಮನ್ (ಸ್ಲಿಟ್‌ಲ್ಯಾಂಪಿಗೆ, ಅಂದರ ಕಣ್ಣು ನೋಡೋ ಸೂಕ್ಷ್ಮದರ್ಶಕಕ್ಕ ಜೋಡಿಸಿ ಪ್ರೆಶರ್ ಅಳೆಯೋ ಉಪಕರಣ) ಮೇಲೆ ಅಳೆಯುವಾಗ ಎಲ್ಲಿ ಎಡವುತ್ತಾರೆ, ಒಂದೊಂದಾಗಿ ಹೇಳತೀನಿ.

ಕಣ್ಣಿಗೆ ಹಾಕೋ ಬಣ್ಣ, ಫ್ಲೋರೆಸಿನ್, ಜಾಸ್ತಿಯಾದರೆ ಹಸಿರು ಅರ್ಧವೃತ್ತಗಳು ಬಳೆಯಷ್ಟು ದಪ್ಪ ಕಾಣುತ್ತವೆ, ಅಳತೆ ಮೇಲೆ ಹೋಗುತ್ತದೆ. ಕಡಿಮೆಯಾದರೆ ನೂಲಿನಷ್ಟು ತೆಳು, ಅಳತೆ ಕೆಳಗೆ. ಗೆರೆಯ ದಪ್ಪ ವೃತ್ತದ ಅಗಲದ ಹತ್ತನೇ ಒಂದು ಭಾಗ ಇರಬೇಕು. ದಪ್ಪ ಕಂಡರೆ ಕಣ್ಣಿಗೆ ತಾಗೋ ಪ್ರಿಸಂ ತುದಿ ಹಿಂದಕ್ಕೆ ತಗೊಂಡು ಒರೆಸಿ, ಕಣ್ಣಂಚಿನ ನೀರು ಟಿಶ್ಯೂದಾಗ ತಗೊಂಡು, ಮತ್ತೆ ಹಚ್ಚಬೇಕು. ಡಯಲ್ ತಿರುಗಿಸಿ ಹೊಂದಿಸಿಕೊಳ್ಳೋದಲ್ಲ.

ಅರ್ಧವೃತ್ತಗಳ ಒಳಅಂಚು ಒಳಅಂಚಿಗೆ ತಾಗಬೇಕು. ನಾಡಿಮಿಡಿತಕ್ಕ ಅವು ಅಲ್ಲಾಡತಾವ. ಆ ಅಲ್ಲಾಟದ ಮಧ್ಯಬಿಂದುವಿನಾಗ ಓದ್ರಿ.

ರೆಪ್ಪೆ ಎತ್ತುವಾಗ ಬೆರಳು ಕಣ್ಣಗುಡ್ಡೆ ಮೇಲೆ ಅಲ್ಲ, ಹುಬ್ಬಿನ ಎಲುಬಿನ ಮೇಲೆ. ಅಂಗಿಯ ಕುತ್ತಿಗೆ ಗುಂಡಿ, ಬಿಗಿ ಟೈ, ತಲೆಗೆ ಬಿಗಿದ ರುಮಾಲು ಎಲ್ಲ ಸಡಿಲ ಮಾಡಿಸಿ. ಗಲ್ಲ ಇಡಲಿಕ್ಕೆ ಕುತ್ತಿಗೆ ಚಾಚಿ ಉಸಿರು ಬಿಗಿಹಿಡಿದವರಿಗೆ ಅಳತೆ ಸುಳ್ಳಾಗಿ ಏರುತ್ತದೆ. ಕುರ್ಚಿ ಎತ್ತರಿಸಿ, "ಆರಾಮ ಉಸಿರಾಡ್ರಿ" ಅಂತ ಬಾಯಿಬಿಟ್ಟು ಹೇಳ್ರಿ.

ಸಿಲಿಂಡರ್ ಪವರ್ 3ಕ್ಕಿಂತ ಜಾಸ್ತಿ ಇದ್ದವರಿಗೆ ಪ್ರಿಸಂ ಅಡ್ಡ ಇಟ್ಟು ಒಂದು, ಉದ್ದ ಇಟ್ಟು ಒಂದು ಅಳತೆ ತಗೊಂಡು ಸರಾಸರಿ ಮಾಡ್ರಿ. ಇಲ್ಲಂದ್ರ ಪ್ರತಿ 4 ಡಯಾಪ್ಟರ್‌ಗೆ ಹೆಚ್ಚುಕಡಿಮೆ 1 ಮಿ.ಮೀ. ತಪ್ಪು.

ಮೇಲಿಂದ ಮೇಲೆ ಐದಾರು ಸಲ ಒತ್ತಿದರೆ ಕಣ್ಣು ಮಸಾಜ್ ಆದ ಹಾಗೆ ಪ್ರೆಶರ್ ತಾನೇ ಇಳೀತದ. ಎರಡು ಅಳತೆ ತಗೊಳ್ರಿ. ಅವುಗಳ ನಡುವ 2ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರ ಮಾತ್ರ ಮೂರನೇದು.

ಕ್ಯಾಲಿಬ್ರೇಶನ್_ಅಣ್ಣ

ಹುಬ್ಬಳ್ಳಿಯವರು ಕೈಯ ತಪ್ಪು ಹೇಳಿದರು, ನಾನು ಮಷೀನಿನ ತಪ್ಪು ಹೇಳುತ್ತೇನೆ. ಗೋಲ್ಡ್‌ಮನ್ ಡಬ್ಬಿಯಲ್ಲಿ ಒಂದು ಲೋಹದ ಕಡ್ಡಿ ಬಂದಿರುತ್ತದೆ, ಐದು ಗೆರೆ ಕೊರೆದದ್ದು. ಬಹಳ ಕಡೆ ಅದು ಡ್ರಾಯರ್ ತಳದಲ್ಲಿ ಪೊಟ್ಟಣ ಬಿಚ್ಚದೆ ಬಿದ್ದಿರುತ್ತದೆ. ನಡುವಿನ ಗೆರೆ 0, ಅದರ ಪಕ್ಕದ್ದು 2, ಕೊನೆಯದು 6. ಅಂದರೆ 0, 20, 60 ಮಿ.ಮೀ. ಕಡ್ಡಿಯನ್ನು ಗೆರೆಗೆ ಕೂರಿಸಿ, ಡ್ರಮ್ ಮೆಲ್ಲಗೆ ತಿರುಗಿಸಿ, ಪ್ರಿಸಂ ಹಿಡಿದ ತೋಳು ಯಾವ ಅಂಕಿಗೆ ಅತ್ತಿತ್ತ ಬೀಳುತ್ತದೆ ನೋಡಿ. 20ರ ಗೆರೆಯಲ್ಲಿ ಅದು 23ಕ್ಕೆ ಬಿದ್ದರೆ ನಿಮ್ಮ ಓಪಿಡಿಯಲ್ಲಿ 20ರ ಆಸುಪಾಸಿನ ಅಳತೆಗಳೆಲ್ಲ ಮೂರು ತಪ್ಪು. ತಿಂಗಳಿಗೊಮ್ಮೆ ಸಾಕು. ಏರಿಳಿತದ ಚಾರ್ಟ್ ಮಾಡುವ ದಿನವಾದರೆ ಬೆಳಿಗ್ಗೆ ಮೊದಲ ರೋಗಿಗೂ ಮುಂಚೆ.

ಇನ್ನೊಂದು. ಪ್ರಿಸಂ ತುದಿಯನ್ನು 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 5 ನಿಮಿಷ ಇಟ್ಟ ಮೇಲೆ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಒದ್ದೆ ಉಳಿದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪರದೆಯ, ಮೇಲ್ಪದರ ಸುಡುತ್ತದೆ, ಆಮೇಲೆ ಆ ಕಣ್ಣಿಗೆ ಅವತ್ತು ಮತ್ತೆ ಅಳತೆ ಹಾಕುವ ಹಾಗೇ ಇಲ್ಲ. ದಿನದ ಚಾರ್ಟ್ ಮೊದಲ ಅಳತೆಗೇ ಮುಗಿಯಿತು.

ಹೊಸ_ಓದುಗ

ಗಾಳಿ ಊದುವ ಮಷೀನಿನಲ್ಲೇ ದಿನವಿಡೀ ಅಳೆದರೆ ಆಗದೇ? ಉಪಕರಣ ಬದಲಾಗದಿದ್ದರೆ ಸಾಕಲ್ಲ?

ಹುಬ್ಬಳ್ಳಿ_ಓಪಿಡಿ

ಆಗತದ, ಆದ್ರ ಅದು ಕಣ್ಣು ಮಿಟುಕಿಸೋದ್ರಾಗ ಅಳತೆ ಮುಗಿಸತದ. ನಾಡಿಯ ಏರಿನಾಗ ಸಿಕ್ಕರ ಒಂದು ಅಂಕಿ, ಇಳಿವಿನಾಗ ಸಿಕ್ಕರ ಇನ್ನೊಂದು. ಅದಕ್ಕ ಕನಿಷ್ಠ ಮೂರು ಸರಾಸರಿ. 20ರ ಮೇಲೆ ತೋರಿಸಿದರ ಗೋಲ್ಡ್‌ಮನ್‌ನಿಂದ ಖಾತ್ರಿ ಮಾಡ್ರಿ.

ಕೋನದರ್ಶಿ

ಚಾರ್ಟ್ ಹಾಕುವ ಕ್ರಮಕ್ಕೆ ಬರುತ್ತೇನೆ. ನಮ್ಮ ಕಡೆ ಇದನ್ನು ಡಿವಿಟಿ ಎನ್ನುತ್ತಾರೆ, ಕೆಲವರು ಫೇಸಿಂಗ್ ಎನ್ನುತ್ತಾರೆ. ಓಪಿಡಿ ಹೊತ್ತಿನಲ್ಲಿ ಮಾಡುವುದಾದರೆ 8, 11, 2, 5 ಗಂಟೆ. ಸಾಧ್ಯವಿದ್ದರೆ ಹಿಂದಿನ ದಿನವೇ ಊರಿಗೆ ಬಂದು ಉಳಿದುಕೊಂಡು ಬೆಳಿಗ್ಗೆ 7ಕ್ಕೆ ಹಾಜರಾಗಬೇಕು, ಏಕೆಂದರೆ ಅನೇಕರಲ್ಲಿ ಬೆಳಗಿನ ಏರಿಕೆ 9ರೊಳಗೆ ಇಳಿದುಬಿಟ್ಟಿರುತ್ತದೆ. ಮಾದರಿ ಚಾರ್ಟಿನ ಸಮಸ್ಯೆಯೇ ಅದು. ಐದು ಅಳತೆ ಇದ್ದರೂ ಒಂದೇ ಗಳಿಗೆಯನ್ನು ಐದು ಸಲ ನೋಡಿದಂತಾಗಿದೆ.

ಪೂರ್ತಿ 24 ಗಂಟೆ ಬೇಕೆಂದರೆ ವಾರ್ಡಿಗೆ ಸೇರಿಸಿ, ಹಗಲು ಕೂತು, ರಾತ್ರಿ 12, 3, 6ಕ್ಕೆ ಮಲಗಿದ್ದಲ್ಲೇ. ಎಬ್ಬಿಸಿ ಕೂರಿಸಿ ಸ್ಲಿಟ್‌ಲ್ಯಾಂಪ್ ಕೋಣೆಗೆ ನಡೆಸಿಕೊಂಡು ಹೋದರೆ ರಾತ್ರಿಯ ಒತ್ತಡ ದಾರಿಯಲ್ಲೇ ಇಳಿದಿರುತ್ತದೆ, ನಿಮಗೆ ಸಿಗುವುದು ಕೂತ ಅಳತೆ. ಮಲಗಿದವರಿಗೆ ಕೈಯಲ್ಲಿ ಹಿಡಿದು ಅಳೆಯುವ ಪರ್ಕಿನ್ಸ್ ಒಳ್ಳೆಯದು, ಅದರದೂ ಗೋಲ್ಡ್‌ಮನ್ ಮಾದರಿಯ ಪ್ರಿಸಂ. ಪೆನ್ನಿನಾಕಾರದ ಟೋನೋಪೆನ್ ಕೂಡ ಆಗುತ್ತದೆ. ಐಕೇರ್‌ನ ಕೆಲವು ಹಳೆಯ ಮಾದರಿಗಳು ನೆಲಕ್ಕೆ ಸಮಾನಾಂತರವಾಗಿ ಹಿಡಿದರೆ ಮಾತ್ರ ಕೆಲಸ ಮಾಡುತ್ತವೆ, ಮಲಗಿದವರಿಗೆ ಐಸಿ200ರಂಥ ಮಾದರಿ ಬೇಕು. ಹಳೆಯ ಕಾಲದ ಶಿಯೋಟ್ಜ್ ಉಪಕರಣ ಇದೆ ಎಂದು ಅದನ್ನು ರಾತ್ರಿಗೆ, ಗೋಲ್ಡ್‌ಮನ್ ಹಗಲಿಗೆ ಬಳಸಿ ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸಬೇಡಿ. ಹೆಚ್ಚು ಮೈನಸ್ ಪವರ್ ಇರುವ ಕಣ್ಣಿನಲ್ಲಿ ಶಿಯೋಟ್ಜ್ ಕಡಿಮೆ ತೋರಿಸುತ್ತದೆ.

ಬೆಳಿಗ್ಗೆ ಎದ್ದ ಗಳಿಗೆಯ ಅಳತೆಗೆ ಒಂದು ಎಚ್ಚರಿಕೆ. ನಿದ್ದೆಯಲ್ಲಿ ಕಾರ್ನಿಯಾ ಶೇ. 3–4ರಷ್ಟು ಊದಿಕೊಳ್ಳುತ್ತದೆ. ಅದರಿಂದ ಅಳತೆ ತುಸು ಹೆಚ್ಚು ಬರಬಹುದು, ಆದರೆ ಅರ್ಧ–ಒಂದು ಗಂಟೆಯಲ್ಲಿ ಕಾರ್ನಿಯಾ ಬಹುಮಟ್ಟಿಗೆ ಸರಿಹೋಗುತ್ತದೆ. 6 ಮಿ.ಮೀ. ಏರಿಕೆಯನ್ನು ಊತದ ತಲೆಗೆ ಕಟ್ಟುವಂತಿಲ್ಲ.

ಎಷ್ಟು ಬಂದರೆ ಅರ್ಥವಿದೆ? 3–5 ಎಲ್ಲರಲ್ಲೂ ಇರುತ್ತದೆ. ಒಬ್ಬರೇ, ಒಂದೇ ಉಪಕರಣದಲ್ಲಿ ಅಳೆದು 6ಕ್ಕೆ ಮುಟ್ಟಿದರೆ ನಾನು ಗಂಭೀರವಾಗಿ ನೋಡುತ್ತೇನೆ. 8–10 ಆದರೆ ಯಾವ ಹೊತ್ತಿನಲ್ಲಿ ಎಂಬುದನ್ನು ಹಿಡಿದು ಚಿಕಿತ್ಸೆ ಬದಲಿಸುತ್ತೇನೆ.

ಅಂಕಿಅಂಶ_ಪ್ರಿಯ

"ಚಿಕಿತ್ಸೆ ಬದಲಿಸುತ್ತೇನೆ" ಎನ್ನುವ ಮುಂಚೆ ಪುರಾವೆ ನೋಡೋಣ ಮೇಡಂ. ಇಲ್ಲಿ ಎರಡು ಬೇರೆ ಸಂಗತಿಗಳನ್ನು ಒಂದೇ ಹೆಸರಿನಿಂದ ಕರೆಯುವ ಅಭ್ಯಾಸ ಇದೆ. ಒಂದು, ದಿನದೊಳಗಿನ ಏರಿಳಿತ. ಇನ್ನೊಂದು, ಭೇಟಿಯಿಂದ ಭೇಟಿಗೆ, ತಿಂಗಳಿಂದ ತಿಂಗಳಿಗೆ ಆಗುವ ಏರಿಳಿತ. ದೊಡ್ಡ ಪ್ರಯೋಗಗಳು ಅಳೆದದ್ದು ಎರಡನೆಯದನ್ನು.

ಅಮೆರಿಕದ ಎಜಿಐಎಸ್ ಎಂಬ ಗ್ಲಾಕೋಮಾ ಪ್ರಯೋಗದ ಮಾಹಿತಿಯನ್ನು 2004ರಲ್ಲಿ ವಿಶ್ಲೇಷಿಸಿದಾಗ ಭೇಟಿಗಳ ನಡುವಿನ ಏರಿಳಿತ ಹೆಚ್ಚಿದ್ದವರಲ್ಲಿ ಫೀಲ್ಡ್ ಹೆಚ್ಚು ಕುಸಿದದ್ದು ಕಂಡಿತು. 2008ರಲ್ಲಿ ಅದೇ ಮಾಹಿತಿಯ ಇನ್ನೊಂದು ವಿಶ್ಲೇಷಣೆ, ಈ ಸಂಬಂಧ ಸರಾಸರಿ ಒತ್ತಡ ಕಡಿಮೆ ಇದ್ದವರಲ್ಲಿ ಮಾತ್ರ ಎಂದಿತು. ಸ್ವೀಡನ್ನಿನ ಇಎಂಜಿಟಿ ಎಂಬ ಗ್ಲಾಕೋಮಾ ಪ್ರಯೋಗದ ತಂಡ 2007ರಲ್ಲಿ ನೇರವಾಗಿ ಉಲ್ಟಾ ಹೇಳಿತು: ಸರಾಸರಿ ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಏರಿಳಿತಕ್ಕೆ ಪ್ರತ್ಯೇಕ ಪಾತ್ರವಿಲ್ಲ. 2004ರ ವಿಶ್ಲೇಷಣೆಯಲ್ಲಿ, ಹಾನಿ ಹೆಚ್ಚಾದ ನಂತರ ಚಿಕಿತ್ಸೆ ಬಿಗಿಗೊಳಿಸಿ ಒತ್ತಡ ಇಳಿಸಿದ ಮೇಲಿನ ಅಳತೆಗಳೂ ಸೇರಿದ್ದವು ಎಂಬ ಆಕ್ಷೇಪವಿದೆ. ಆಗ ಏರಿಳಿತ ಹಾನಿಗೆ ಕಾರಣವೋ, ಹಾನಿಯ ಪರಿಣಾಮವೋ?

ಅದೇ ಇಎಂಜಿಟಿಯಲ್ಲಿ ಸರಾಸರಿ ಒತ್ತಡ 1 ಮಿ.ಮೀ. ಇಳಿದರೆ ರೋಗ ಮುಂದುವರಿಯುವ ಅಪಾಯ ಸುಮಾರು ಶೇ. 10 ಇಳಿಯುತ್ತದೆ ಎಂದು ಗೊತ್ತಾಯಿತು. ಆ ಅಂಕಿ ಗಟ್ಟಿ. ನನ್ನ ಕೇಳಿದರೆ ಮೊದಲು ಸರಾಸರಿ ಇಳಿಸಿ.

ಕೋನದರ್ಶಿ

ಒಪ್ಪುತ್ತೇನೆ, ಆದರೆ ನೀವು ಒಂದನ್ನು ಬಿಟ್ಟಿರಿ. 2000ದಲ್ಲಿ ಅಸ್ರಾನಿ ಮತ್ತು ಜೊತೆಯವರು 64 ರೋಗಿಗಳಿಗೆ ಮನೆಯಲ್ಲೇ ದಿನಕ್ಕೆ ಐದು ಸಲ, ಐದು ದಿನ ಅಳೆಯಲು ಕೊಟ್ಟರು. ಎಲ್ಲರದೂ ಓಪಿಡಿ ಪ್ರೆಶರ್ 25ರ ಕೆಳಗೆ. ದಿನದ ಏರಿಳಿತ ದೊಡ್ಡದಿದ್ದವರಲ್ಲಿ ರೋಗ ಮುಂದುವರಿಯುವ ಅಪಾಯ ಹೆಚ್ಚಿತ್ತು. ಅದು ದಿನದೊಳಗಿನ ಏರಿಳಿತವನ್ನೇ ಅಳೆದದ್ದು. ಸಣ್ಣ ಅಧ್ಯಯನ, ಒಪ್ಪಿದೆ.

ಇನ್ನೊಂದು ಮಾತು. "ಮೊದಲು ಸರಾಸರಿ" ಎನ್ನುತ್ತೀರಿ. ಯಾವ ಸರಾಸರಿ? ಹನ್ನೊಂದು ಗಂಟೆಯ ಐದು ಅಳತೆಯ ಸರಾಸರಿ 15.2 ಎಂದರೆ ಅದು ಆ ಕಣ್ಣಿನ ಸರಾಸರಿಯೇ ಅಲ್ಲ. ಬೆಳಗಿನ ಜಾವ 22 ಇದ್ದರೆ ನಿಜವಾದ ಸರಾಸರಿ 18ರ ಹತ್ತಿರ ಇರಬಹುದು. ಏರಿಳಿತಕ್ಕೆ ಸ್ವಂತ ವಿಷ ಇದೆಯೋ ಇಲ್ಲವೋ, ಅದನ್ನು ಅಳೆಯದೆ ಸರಾಸರಿಯೂ ಸಿಗುವುದಿಲ್ಲ.

ಅಂಕಿಅಂಶ_ಪ್ರಿಯ

ಆ ಕೊನೆಯ ಮಾತಿಗೆ ನನ್ನ ತಕರಾರಿಲ್ಲ. ಆದರೆ ಒಂದು ದಿನದ ಡಿವಿಟಿ ಇನ್ನೊಂದು ದಿನಕ್ಕೆ ಅಚ್ಚೊತ್ತಿದ ಹಾಗೆ ಬರುವುದಿಲ್ಲ ಎಂಬುದೂ ಗೊತ್ತಿರಲಿ. ಸೋಮವಾರ ಬೆಳಿಗ್ಗೆ ತುತ್ತತುದಿ ಬಂದ ಕಣ್ಣಿಗೆ ಗುರುವಾರ ಮಧ್ಯಾಹ್ನ ಬರಬಹುದು. ಒಂದೇ ದಿನದ ಚಾರ್ಟ್ ನೋಡಿ ತೀರ್ಪು ಕೊಡಬೇಡಿ.

ಔಷಧಿ_ಅಂಗಡಿ_ಶಿರಸಿ

ಚಾರ್ಟಿನಲ್ಲಿ ಟಿಮೊಲೋಲ್ ಎರಡು ಹೊತ್ತು ಎಂದಿದೆ, ಅಲ್ಲೇ ನನ್ನ ಕಣ್ಣು ನಿಂತಿತು. ಟಿಮೊಲೋಲ್ ಮಾಡುವುದು ಆಕ್ವಿಯಸ್ ಉತ್ಪತ್ತಿ ತಗ್ಗಿಸುವ ಕೆಲಸ. ನಿದ್ದೆಯಲ್ಲಿ ಉತ್ಪತ್ತಿ ತಾನಾಗಿಯೇ ತಗ್ಗಿರುತ್ತದೆ, ಅದಕ್ಕೆ ಮಾಡಲು ಕೆಲಸವೇ ಉಳಿದಿಲ್ಲ. ಬ್ರಿಮೋನಿಡಿನ್ ಕೂಡ ರಾತ್ರಿ ಹೊತ್ತು ಹಾಗೆಯೇ ಕೈಕೊಡುತ್ತದೆ. ಹಗಲು–ರಾತ್ರಿ ಎರಡೂ ಹೊತ್ತು ದುಡಿಯುವುದು ಲ್ಯಾಟನೊಪ್ರಾಸ್ಟ್, ಟ್ರಾವೊಪ್ರಾಸ್ಟ್, ಬೈಮಾಟೊಪ್ರಾಸ್ಟ್ ಗುಂಪು. ಡೋರ್ಜೋಲಮೈಡ್, ಬ್ರಿಂಜೋಲಮೈಡ್ ರಾತ್ರಿಯೂ ಸ್ವಲ್ಪ ಇಳಿಸುತ್ತವೆ. ನೆಟಾರ್ಸುಡಿಲ್ ನಾಳದ ಒತ್ತಡವನ್ನೂ ತಗ್ಗಿಸುವುದರಿಂದ ಮೇಡಂ ಹೇಳಿದ ಆ ಟ್ರಾಫಿಕ್ ಜಾಮ್‌ಗೇ ಕೈ ಹಾಕುತ್ತದೆ, ಆದರೆ ಕಣ್ಣು ಕೆಂಪಾಗುತ್ತದೆ ಎಂದು ಅರ್ಧ ಜನ ಬಾಟಲಿ ವಾಪಸ್ ತರುತ್ತಾರೆ.

ಲ್ಯಾಟನೊಪ್ರಾಸ್ಟ್ ರಾತ್ರಿ ಒಂದೇ ಹನಿ. ಎರಡು ಸಲ ಹಾಕಿದರೆ ಹೆಚ್ಚು ಇಳಿಯುತ್ತದೆ ಎಂದುಕೊಳ್ಳುವವರಿದ್ದಾರೆ, ಇಳಿಯುವುದು ಕಡಿಮೆಯಾಗುತ್ತದೆ.

ಏರಿಳಿತ ಎಂದು ಬರೆದುಕೊಳ್ಳುವ ಎಷ್ಟೋ ಚಾರ್ಟ್ ವಾಸ್ತವದಲ್ಲಿ ಹನಿ ತಪ್ಪಿದ ಚಾರ್ಟ್. 2.5 ಮಿ.ಲೀ. ಬಾಟಲಿಯಲ್ಲಿ 80 ಹನಿಯ ಆಸುಪಾಸು ಇರುತ್ತದೆ. ಎರಡು ಕಣ್ಣಿಗೆ ದಿನಕ್ಕೊಂದರಂತೆ 40 ದಿನಕ್ಕೆ ಮುಗಿಯಬೇಕು. ಮೂರು ತಿಂಗಳಿಗೆ ಒಂದೇ ಬಾಟಲಿ ಕೊಳ್ಳುವವರು ಅರ್ಧಕ್ಕಿಂತ ಹೆಚ್ಚು ದಿನ ಹಾಕುತ್ತಿಲ್ಲ. ಹದಿನೈದು ದಿನಕ್ಕೆ ಖಾಲಿ ಮಾಡುವವರು ಕೆನ್ನೆಗೆ ಹಾಕುತ್ತಿದ್ದಾರೆ. ಅಂಗಡಿಯ ಬಿಲ್ಲು ನೋಡಿದರೆ ಗೊತ್ತಾಗುತ್ತದೆ, ರೋಗಿಯನ್ನು ಗದರಿಸಬೇಕಾಗಿಲ್ಲ.

ಹನಿ ಹಾಕುವ ರೀತಿ: ಕೆಳರೆಪ್ಪೆ ಎಳೆದು ಜೋಳಿಗೆ ಮಾಡಿ, ಒಂದು ಹನಿ. ಕಣ್ಣಿಗೆ ಹಿಡಿಯುವುದೇ ಒಂದು ಹನಿಗಿಂತ ಕಡಿಮೆ, ಎರಡನೆಯದು ಹರಿದು ಹೋಗುತ್ತದೆ. ಕಣ್ಣು ಮುಚ್ಚಿ ಮೂಗಿನ ಬುಡದ ಒಳಮೂಲೆ ಎರಡು ನಿಮಿಷ ಒತ್ತಿ ಹಿಡಿಯಬೇಕು. ಬೇರೆ ಔಷಧಿ ಇದ್ದರೆ ಐದು ನಿಮಿಷ ಬಿಟ್ಟು. ಬಿಚ್ಚದ ಲ್ಯಾಟನೊಪ್ರಾಸ್ಟ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ. ಬಿಚ್ಚಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟು ವಾರ ಮಾತ್ರ. ಬಿಚ್ಚಿದ ತಾರೀಕು ಪೆನ್ನಲ್ಲಿ ಬರೆದಿಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟ ಬಾಟಲಿಯನ್ನು ನಂಬಬೇಡಿ.

ಬಿಪಿ_ಡಾಕ್ಟರ್

ಕಣ್ಣಿನವರು ಕಣ್ಣಿನ ಪ್ರೆಶರ್ ಮಾತ್ರ ನೋಡುತ್ತೀರಿ, ಇನ್ನೊಂದು ಪ್ರೆಶರ್ ನಮ್ಮ ಪಾಲಿಗೆ. ನರಕ್ಕೆ ರಕ್ತ ಒಳನುಗ್ಗುವುದು ಕಣ್ಣೊತ್ತಡವನ್ನು ಎದುರಿಸಿ. ಲೆಕ್ಕ ಹೀಗೆ. ಹಗಲು ಕೂತಾಗ ಬಿಪಿ 130/80, ಸರಾಸರಿ ರಕ್ತದೊತ್ತಡ 97, ಅದರ ಮೂರನೇ ಎರಡು ಭಾಗ 64, ಕಣ್ಣೊತ್ತಡ 16 ಕಳೆದರೆ 48. ರಾತ್ರಿ ಮಲಗಿದಾಗ ತಲೆ–ಹೃದಯ ಒಂದೇ ಮಟ್ಟಕ್ಕೆ ಬರುವುದರಿಂದ ಮೂರನೇ ಎರಡು ಭಾಗದ ಬದಲು 0.88ರಿಂದ ಗುಣಿಸುತ್ತೇವೆ. ಬಿಪಿ 100/60, ಸರಾಸರಿ 73, ಗುಣಿಸಿದರೆ 64, ಕಣ್ಣೊತ್ತಡ 20 ಕಳೆದರೆ 44. ಪರವಾಗಿಲ್ಲ. ಈಗ ರಾತ್ರಿ ಹತ್ತಕ್ಕೆ ಬಿಪಿ ಮಾತ್ರೆ ನುಂಗಿದವರಲ್ಲಿ ಮೂರು ಗಂಟೆಗೆ 88/50ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಸರಾಸರಿ 63, ಗುಣಿಸಿದರೆ 55, ಕಣ್ಣೊತ್ತಡ 22 ಕಳೆದರೆ 33. ಒಂದು ಇಳಿಯಿತು, ಇನ್ನೊಂದು ಏರಿತು, ನರಕ್ಕೆ ಎರಡೂ ಕಡೆಯಿಂದ ಪೆಟ್ಟು.

ರಾತ್ರಿ ಬಿಪಿ ಶೇ. 10ರಿಂದ 20 ಇಳಿಯುವುದು ಸಹಜ. ಅದಕ್ಕಿಂತ ಹೆಚ್ಚು ಇಳಿಯುವವರನ್ನು 24 ಗಂಟೆಯ ಬಿಪಿ ಪಟ್ಟಿ ಕಟ್ಟಿ ಹಿಡಿಯಬಹುದು. ಮಾದರಿ ಚಾರ್ಟಿನಂಥವರಿಗೆ ಡಿವಿಟಿ ಜೊತೆಗೆ ಅದನ್ನೂ ಬರೆಯಿರಿ. ಬಿಪಿ ಮಾತ್ರೆ ರಾತ್ರಿಗೇ ಇರಬೇಕೆಂಬ ಹಟ ಬೇಡ. ಬ್ರಿಟನ್ನಿನ ಟೈಮ್ ಪ್ರಯೋಗ 2022ರಲ್ಲಿ ಪ್ರಕಟವಾಯಿತು, 21,000ಕ್ಕೂ ಹೆಚ್ಚು ಜನ, ಬೆಳಿಗ್ಗೆ ತೆಗೆದುಕೊಂಡರೂ ಸಂಜೆ ತೆಗೆದುಕೊಂಡರೂ ಹೃದಯದ ಮಟ್ಟಿಗೆ ವ್ಯತ್ಯಾಸವಿಲ್ಲ. ಆದರೆ ಹೊತ್ತು ಬದಲಿಸುವುದು ಬರೆದುಕೊಟ್ಟ ವೈದ್ಯರ ಜೊತೆ ಮಾತಾಡಿಯೇ. ರೋಗಿ ತಾನೇ ಮಾತ್ರೆ ಬಿಟ್ಟು ಪಾರ್ಶ್ವವಾಯು ತಂದುಕೊಳ್ಳಬಾರದು.

ಟಿಮೊಲೋಲ್ ಹನಿ ಮೂಗಿನ ದಾರಿಯಲ್ಲಿ ರಕ್ತಕ್ಕೆ ಸೇರುತ್ತದೆ. ಸಂಜೆಯ ಆ ಹನಿ ರಾತ್ರಿ ಕಣ್ಣೊತ್ತಡ ಇಳಿಸದೆ ಬಿಪಿ, ನಾಡಿ ಮಾತ್ರ ಇಳಿಸುತ್ತದೆ. ಆಸ್ತಮಾ ಇದ್ದವರಿಗೆ, ಹೃದಯದ ಬ್ಲಾಕ್ ಇದ್ದವರಿಗೆ ಅದು ಯಾವ ಹೊತ್ತಿಗೂ ಬೇಡ.

ಹೊಸ_ಓದುಗ

ಸಂಜೆ ಹೊತ್ತಿಗೆ ಮಾತ್ರ ಪ್ರೆಶರ್ ಏರುವವರೂ ಇದ್ದಾರಲ್ಲ? ಬೆಳಿಗ್ಗೆ ಸರಿ ಇದ್ದು ಸಂಜೆ ತಲೆನೋವು, ದೀಪದ ಸುತ್ತ ಬಣ್ಣದ ಬಳೆ?

ಕೋನದರ್ಶಿ

ಅದು ಬೇರೆಯೇ ಕಥೆ. ಆ ಲಕ್ಷಣ ಕೇಳಿದ ಕೂಡಲೇ ಡಿವಿಟಿ ಬದಿಗಿಟ್ಟು, ಆಕ್ವಿಯಸ್ ಹೊರಹೋಗುವ ಕೋನವನ್ನು ನೋಡುವ ಗೋನಿಯೋ ಲೆನ್ಸ್ ಕೈಗೆತ್ತಿಕೊಳ್ಳಿ. ಕೋನ ಕಿರಿದಾದ ಕಣ್ಣಿನಲ್ಲಿ ಸಂಜೆಗತ್ತಲಿಗೆ, ಸಿನಿಮಾ ಮಂದಿರದಲ್ಲಿ ಪಾಪೆ ಹಿಗ್ಗುತ್ತದೆ, ಕೋನ ಮುಚ್ಚುತ್ತದೆ, ಒತ್ತಡ ಏರುತ್ತದೆ. ಮಲಗಿದರೆ ನಿದ್ದೆಯಲ್ಲಿ ಪಾಪೆ ಕುಗ್ಗಿ ನೋವು ಇಳಿಯುತ್ತದೆ. ಬೆಳಿಗ್ಗೆ ಓಪಿಡಿಗೆ ಬಂದಾಗ 16. "ಮೈಗ್ರೇನ್" ಎಂದು ಮಾತ್ರೆ ಬರೆದು ಕಳಿಸಿದ ಉದಾಹರಣೆಗಳು ಬೇಕಾದಷ್ಟು. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಕೋನ ಮುಚ್ಚುವ ಬಗೆಯದು ಸಣ್ಣ ಪಾಲೇನಲ್ಲ.

ಗೋನಿಯೋ ಮಾಡುವಾಗ ಕೋಣೆಯ ದೀಪ ಆರಿಸಿ, ಬೆಳಕಿನ ಗೆರೆ 1 ಮಿ.ಮೀ. ಉದ್ದಕ್ಕೆ ಚಿಕ್ಕದು ಮಾಡಿ, ಪಾಪೆಯೊಳಗೆ ಬೀಳದಂತೆ ಹಿಡಿಯಿರಿ. ದೊಡ್ಡ ಬೆಳಕು ಬಿಟ್ಟರೆ ಪಾಪೆ ಕುಗ್ಗಿ ಮುಚ್ಚಿದ ಕೋನವೂ ತೆರೆದ ಹಾಗೆ ಕಾಣುತ್ತದೆ. ಇಂಥವರಿಗೆ ಹನಿಯ ಹೊತ್ತು ಬದಲಿಸುವುದಲ್ಲ, ಲೇಸರ್ ಇರಿಡಾಟಮಿ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಪರದೆಗೆ ಲೇಸರಿನಿಂದ ಸಣ್ಣ ರಂಧ್ರ.

ಆಸನ_ಅಳತೆ

ದಿನದ ಏರಿಳಿತದಲ್ಲಿ ನಾವೇ ಎಬ್ಬಿಸುವ ಅಲೆಗಳೂ ಇವೆ. ಶೀರ್ಷಾಸನದಲ್ಲಿ ಕಣ್ಣೊತ್ತಡ ಸುಮಾರು ಎರಡು ಪಟ್ಟಾಗುತ್ತದೆ ಎಂದು ಚೆನ್ನೈನ ಶಂಕರ ನೇತ್ರಾಲಯದ ತಂಡ 2006ರಲ್ಲಿ ಅಳೆದು ತೋರಿಸಿದೆ. ವರ್ಷಗಟ್ಟಲೆ ಅಭ್ಯಾಸ ಮಾಡಿದವರಲ್ಲೂ ಹಾಗೆಯೇ. ಹಲಾಸನ, ಉತ್ತಾನಾಸನ, ಅಧೋಮುಖ ಶ್ವಾನಾಸನದಲ್ಲೂ ಏರುತ್ತದೆ, ಎದ್ದು ಕೂತರೆ ಎರಡೇ ನಿಮಿಷದಲ್ಲಿ ಇಳಿಯುತ್ತದೆ. ಇಳಿಯುತ್ತದೆ ಎಂದ ಮಾತ್ರಕ್ಕೆ ನರ ಸೊರಗಿದವರಿಗೆ ಶೀರ್ಷಾಸನ ಹೇಳಿಕೊಡುವುದು ಸರಿಯಲ್ಲ. ಪದ್ಮಾಸನ, ತಾಡಾಸನ, ಶವಾಸನಕ್ಕೆ ತೊಂದರೆಯಿಲ್ಲ. ಉಸಿರು ಬಿಗಿಹಿಡಿದು ಭಾರ ಎತ್ತುವುದೂ ಇದೇ ಸಾಲಿಗೆ ಸೇರಿದ್ದು.

ಇನ್ನು ಉಷಃಪಾನ. ಎದ್ದ ಕೂಡಲೇ ಗಟಗಟ ಒಂದು ಲೀಟರ್ ನೀರು ಕುಡಿಯುವುದು ಕಣ್ಣಿನ ಮಟ್ಟಿಗೆ ಏನು, ಡಾಕ್ಟ್ರೇ ಹೇಳಲಿ.

ಕೋನದರ್ಶಿ

ಅದು ಅಕ್ಷರಶಃ ನಾವು ಮಾಡುವ ಪರೀಕ್ಷೆ! ವಾಟರ್ ಡ್ರಿಂಕಿಂಗ್ ಟೆಸ್ಟ್: ಮೊದಲು ಅಳತೆ, ನಂತರ 5 ನಿಮಿಷದಲ್ಲಿ ಒಂದು ಲೀಟರ್ ನೀರು, ಆಮೇಲೆ 15 ನಿಮಿಷಕ್ಕೊಂದರಂತೆ ಒಂದು ಗಂಟೆ ನಾಲ್ಕು ಅಳತೆ. ಹೊರಹರಿವು ಕಟ್ಟಿದ ಕಣ್ಣಿನಲ್ಲಿ 6 ಅಥವಾ ಹೆಚ್ಚು ಏರುತ್ತದೆ, ಇಳಿಯಲು ತಡ ಮಾಡುತ್ತದೆ. 24 ಗಂಟೆಯ ಚಾರ್ಟ್ ಸಾಧ್ಯವಿಲ್ಲದ ಕಡೆ ತುತ್ತತುದಿ ಎಷ್ಟಿರಬಹುದೆಂದು ಅಂದಾಜಿಸಲು ಬಳಸಬಹುದು, ರೋಗ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಅಲ್ಲ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಮಾಡಿಸಬೇಡಿ.

ಹಾಗಾಗಿ ಗ್ಲಾಕೋಮಾ ಇರುವವರು ಬೆಳಗಿನ ಏರಿಕೆಯ ಹೊತ್ತಿಗೇ ಉಷಃಪಾನದ ಲೀಟರನ್ನೂ ಸೇರಿಸಿಕೊಳ್ಳುವುದು ಬೇಡ. ಅದೇ ನೀರನ್ನು ಒಂದೆರಡು ಗಂಟೆಯಲ್ಲಿ ಲೋಟ ಲೋಟವಾಗಿ ಕುಡಿಯಲಿ. ಡಿವಿಟಿ ದಿನ ಬೆಳಿಗ್ಗೆ ಏನು ಕುಡಿದು ಬಂದಿರಿ ಎಂದು ಕೇಳಿ ಬರೆದುಕೊಳ್ಳಿ.

ಹೊಸ_ಓದುಗ

ತಲೆ ಎತ್ತರಿಸಿ ಮಲಗಿದರೆ ರಾತ್ರಿಯ ಏರಿಕೆ ತಗ್ಗುತ್ತದೆಯೇ? ಮಂಚದ ತಲೆಗಾಲಿಗೆ ಇಟ್ಟಿಗೆ ಕೊಡುವವರಿದ್ದಾರೆ.

ಕ್ಯಾಲಿಬ್ರೇಶನ್_ಅಣ್ಣ

ಇಟ್ಟಿಗೆಯ ಲೆಕ್ಕ ಮಾಡಿ ನೋಡಿ. ಎರಡು ಇಟ್ಟಿಗೆ ಅಂದರೆ 15 ಸೆಂ.ಮೀ. ಮಂಚದ ಉದ್ದ 190. ಇಳಿಜಾರು ಬರೀ ನಾಲ್ಕೂವರೆ ಡಿಗ್ರಿ. ಅಧ್ಯಯನಗಳಲ್ಲಿ ಬಳಸಿದ್ದು 20–30 ಡಿಗ್ರಿ, ಅದರಲ್ಲಿ ಸರಾಸರಿ 3 ಮಿ.ಮೀ. ಆಸುಪಾಸು ಇಳಿದದ್ದು ಕಂಡಿದೆ. 30 ಡಿಗ್ರಿ ಬೇಕಾದರೆ ಇಳಿಜಾರು 60 ಸೆಂ.ಮೀ., ತಲೆ ಕಡೆಯ ಎತ್ತರ 30 ಸೆಂ.ಮೀ. ಇರುವ ಫೋಮ್ ಇಳಿಜಾರು ಹಾಸಿಗೆ ಅಂಗಡಿಯಲ್ಲಿ ಕತ್ತರಿಸಿ ಕೊಡುತ್ತಾರೆ. ಸೊಂಟದಿಂದ ಮೇಲಕ್ಕೆ ಇಡೀ ಬೆನ್ನು ಅದರ ಮೇಲೆ ಬರಬೇಕು. ಮೂರು ದಿಂಬು ಪೇರಿಸಿದರೆ ಕುತ್ತಿಗೆ ಮಡಚಿ, ಗಂಟಲ ರಕ್ತನಾಳ ಒತ್ತಿ, ಉದ್ದೇಶವೇ ಕೆಡುತ್ತದೆ.

ಕೋನದರ್ಶಿ

ಮಗ್ಗುಲು ಮಲಗುವವರಲ್ಲಿ ಕೆಳಗಿನ ಕಣ್ಣಿನ ಒತ್ತಡ ಹೆಚ್ಚು. ಒಂದೇ ಕಣ್ಣು ಹೆಚ್ಚು ಕುಸಿಯುತ್ತಿದ್ದರೆ ಯಾವ ಮಗ್ಗುಲು ಎಂದು ಕೇಳುವುದರಲ್ಲಿ ನಷ್ಟವಿಲ್ಲ.

ಹನಿಯಿಂದ ಏರಿಳಿತದ ಗೆರೆ ಸಪಾಟಾಗದಿದ್ದರೆ ಎಸ್‌ಎಲ್‌ಟಿ, ಅಂದರೆ ಹೊರಹರಿವಿನ ಜಾಲರಿಗೆ ಮಾಡುವ ಲೇಸರ್ ಇದೆ. ಹನಿ ಮರೆತರೂ ಅದು ಮರೆಯುವುದಿಲ್ಲ, ರಾತ್ರಿಯೂ ಕೆಲಸ ಮಾಡುತ್ತದೆ. ಬ್ರಿಟನ್ನಿನ ಲೈಟ್ ಪ್ರಯೋಗದಲ್ಲಿ, 2019ರಲ್ಲಿ ಪ್ರಕಟವಾದದ್ದು, ಮೊದಲಿಗೇ ಲೇಸರ್ ಮಾಡಿಸಿಕೊಂಡವರಲ್ಲಿ ಶೇ. 74 ಮಂದಿ ಮೂರು ವರ್ಷದ ಕೊನೆಗೂ ಹನಿಯಿಲ್ಲದೆ ಗುರಿಯೊಳಗಿದ್ದರು. ಎಲ್ಲಕ್ಕಿಂತ ಸಪಾಟು ಗೆರೆ ಕೊಡುವುದು ಟ್ರಾಬೆಕ್ಯುಲೆಕ್ಟಮಿ ಶಸ್ತ್ರಚಿಕಿತ್ಸೆ, ಆದರೆ ಅದರ ಅಪಾಯಗಳೂ ಅಷ್ಟೇ ದೊಡ್ಡವು.

ಸ್ಲಿಟ್‌ಲ್ಯಾಂಪ್_ದಾವಣಗೆರೆ

ಹಾಗಾದರೆ ಮಾದರಿ ಚಾರ್ಟಿನವರಿಗೆ: ಕತ್ತಲಲ್ಲಿ ಗೋನಿಯೋ ಮೊದಲು. ಕಾರ್ನಿಯಾ ದಪ್ಪ ಅಳೆಯುವುದು, ತೆಳುವಿದ್ದರೆ ಓಪಿಡಿಯ 15 ಅಷ್ಟೂ ನಿಜವಲ್ಲ. ಔಷಧಿ ಬಿಲ್ಲು. ಬಿಪಿ ಮಾತ್ರೆಯ ಹೊತ್ತು. ಆಮೇಲೆ ಹನಿ ನಿಲ್ಲಿಸದೆಯೇ ಡಿವಿಟಿ, ಪ್ರತಿ ಅಳತೆಯ ಪಕ್ಕ ಕೊನೆಯ ಹನಿ ಹಾಕಿದ ಗಂಟೆ. ಮನೆಯಲ್ಲೇ ಅಳೆಯುವ ಐಕೇರ್ ಹೋಮ್ ಬಾಡಿಗೆಗೆ ಸಿಕ್ಕರೆ ಅದನ್ನು ನಂಬಬಹುದೇ?

ಹುಬ್ಬಳ್ಳಿ_ಓಪಿಡಿ

ನಂಬಬಹುದ್ರಿ, ಕಲಿಸಿ ಕೊಟ್ಟರ. ಅರಿವಳಿಕೆ ಹನಿ ಬ್ಯಾಡ. ಆರು ಸಲ ಬಡದು ಒಂದು ಅಂಕಿ ಕೊಡತದ. ಕಳಿಸೋಕೂ ಮುಂಚೆ ರೋಗಿಗೆ ಎದುರಿನಾಗ ಮೂರು ಸಲ ಅಳೆಯಾಕ ಹಚ್ರಿ, ಗೋಲ್ಡ್‌ಮನ್ ಅಂಕಿಗೂ ಅದಕ್ಕೂ 5ರ ಒಳಗ ಇರಬೇಕು. ಹಣೆ–ಕೆನ್ನೆ ಆಧಾರದ ಕಡ್ಡಿಗಳ ಅಳತಿ ಹೊಂದಿಸಿದ ಮ್ಯಾಲೆ ಅವುಗಳ ಅಂಕಿ ಚೀಟಿಯಾಗ ಬರದು ಡಬ್ಬಿಗೆ ಅಂಟಸ್ರಿ. ಮೊಮ್ಮಕ್ಕಳು ತಿರುವಿಬಿಟ್ಟರ ಮತ್ತ ಹೊಂದಿಸಾಕ ಬರಬೇಕಲ್ಲ. ಬೆಳಿಗ್ಗೆ ಹಾಸಿಗಿಯಿಂದ ಏಳೂಕ್ಕಿಂತ ಮೊದಲ ಒಂದು, ಮಲಗೂಕ್ಕಿಂತ ಮೊದಲ ಒಂದು, ನಡುವ ಎರಡು. ಏನಿಲ್ಲಂದ್ರೂ ಮೂರು ದಿನ. ಮತ್ತ ಹಾಸಿಗ್ಯಾಗ ಮಲಕೊಂಡ ಅಳೆಯೂದಿದ್ರ ಹೋಮ್2 ಬೇಕು, ಮೊದಲಿನ ಹೋಮ್‌ಗೆ ಕೂತ ಅಳೀಬೇಕು. ಯಾವುದು ಬಾಡಿಗಿಗೆ ಬರತದ ಅಂತ ಮೊದಲ ಕೇಳ್ರಿ.